ಉಸಿರು ಯಾರದು, ಪ್ಲೇಟು ಯಾರದು?

ಟಾಮಿ ಮೆಕ್ಕುಕ್ ಎಂಬ ಜಮೈಕಾದ ಸ್ಯಾಕ್ಸೊಫೋನ್ ವಾದಕನ ಬಗ್ಗೆ ಬರೆದವರೆಲ್ಲ ಒಂದು ಮಾತನ್ನು ತಪ್ಪದೆ ಬರೆಯುತ್ತಾರೆ: ಆತ ಜಾಜ್, ಸ್ಕಾ, ರೆಗೆ ಮೂರನ್ನೂ ಬೆರೆಸಿದವನು. ಬೆರೆಸಿದ ಅಂದರೆ ಏನು? ಹಾಲಿಗೆ ಸಕ್ಕರೆ ಬೆರೆಸಿದ ಹಾಗೆಯೆ? ಈ 'ಸಂಗಮ' ಅನ್ನೋ ಮಾತು ಬಹಳ ಅಪಾಯದ್ದು. ಅದು ಯಾರನ್ನೂ ನೋಯಿಸುವುದಿಲ್ಲ, ಯಾರ ಬೆವರನ್ನೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಯಾವ ಸಂಗೀತ ಯಾರ ಮನೆಯದು, ಯಾವುದಕ್ಕೆ ಯಾರು ಕಾಸು ಕೊಟ್ಟರು, ಯಾವುದನ್ನು ನುಡಿಸಿದಾಗ ಯಾರು ಮುಖ ತಿರುಗಿಸಿದರು ಎಂದು ಕೇಳದೆ ಈ ಮನುಷ್ಯನ ದುಡಿಮೆ ನಮಗೆ ಅರ್ಥವಾಗುವುದಿಲ್ಲ.

ಮೆಕ್ಕುಕ್ ಹುಟ್ಟಿದ್ದು 1927ರಲ್ಲಿ, ಕ್ಯೂಬಾದ ಹವಾನಾದಲ್ಲಿ. 1933ರಲ್ಲಿ ಮನೆಯವರು ಜಮೈಕಾಕ್ಕೆ ಬಂದರು. ಅದಾಗ ಬ್ರಿಟಿಷರ ವಸಾಹತು. ಹುಡುಗ ಸೇರಿದ್ದು ಕಿಂಗ್‌ಸ್ಟನ್ನಿನ ಆಲ್ಫಾ ಬಾಯ್ಸ್ ಸ್ಕೂಲಿಗೆ. ಕ್ರೈಸ್ತ ಸನ್ಯಾಸಿನಿಯರು ನಡೆಸುತ್ತಿದ್ದ ಆ ಶಾಲೆ ಉಳ್ಳವರ ಮಕ್ಕಳದ್ದಲ್ಲ. ತಂದೆತಾಯಿ ಇಲ್ಲದವರು, ಇದ್ದೂ ಗತಿ ಇಲ್ಲದವರು, ಬೀದಿಯಲ್ಲಿ ಅಲೆಯುತ್ತಿದ್ದವರು ಅಲ್ಲಿಗೆ ಬಂದು ಬೀಳುತ್ತಿದ್ದರು. ಹೊಟ್ಟೆಪಾಡಿಗೆಂದು ಅಚ್ಚುಕೆಲಸ, ಹೊಲಿಗೆ ಕಲಿಸುತ್ತಿದ್ದರು; ಹಾಗೆಯೇ ಬ್ಯಾಂಡು. ವಾದ್ಯ ಅಲ್ಲಿ ಕಲೆಯಾಗಿ ಕೈಗೆ ಬರಲಿಲ್ಲ, ಕಸುಬಾಗಿ ಬಂತು. ಡಾನ್ ಡ್ರಮಂಡ್, ಜಾನಿ ಮೂರ್, ಲೆಸ್ಟರ್ ಸ್ಟರ್ಲಿಂಗ್ ಎಲ್ಲರೂ ಈ ಒಂದೇ ಅಂಗಳದಿಂದ ಎದ್ದವರು. ಒಂದು ದೇಶದ ಸಂಗೀತದ ಬೇರನ್ನು ಅದರ ಅನಾಥಾಲಯದಲ್ಲಿ ಹುಡುಕಬೇಕಾಗಿ ಬಂದದ್ದು ಆ ದೇಶದ ಬಗ್ಗೆ ಏನು ಹೇಳುತ್ತದೆ?

1943ರಲ್ಲಿ, ಇನ್ನೂ ಹದಿನಾರರ ಹುಡುಗ, ಎರಿಕ್ ಡೀನ್ಸ್ ಆರ್ಕೆಸ್ಟ್ರಾ ಸೇರಿದ. ಮುಂದೆ 1954ರಲ್ಲಿ ಬಹಾಮಾಸ್‌ನ ನಾಸೌಗೆ ಹೋಗಿ ಜಾಜ್ ನುಡಿಸಿದ. ಜಾಜ್ ಅಮೆರಿಕದ ಕರಿಯರ ಎದೆಯಿಂದ ಬಂದದ್ದು, ನಿಜ. ಆದರೆ ಈ ದ್ವೀಪಗಳಲ್ಲಿ ಅದಕ್ಕೆ ಕಾಸು ಸಿಗುತ್ತಿದ್ದದ್ದು ಹೋಟೆಲಿನಲ್ಲಿ, ಕ್ಲಬ್ಬಿನಲ್ಲಿ. ಕೇಳುವವರು ಪ್ರವಾಸಿಗಳು, ಕೋಟು ತೊಟ್ಟವರು. ತನ್ನ ಜನದ ಸಂಗೀತವನ್ನೇ ತನ್ನ ಜನಕ್ಕೆ ಪ್ರವೇಶವಿಲ್ಲದ ಕಡೆ ನುಡಿಸುವ ಇಕ್ಕಟ್ಟು ಅದು.

1962ರಲ್ಲಿ ಆತ ವಾಪಸು ಬಂದ. ಅದೇ ವರ್ಷ ಜಮೈಕಾ ಸ್ವತಂತ್ರವಾಯಿತು. ಕಿಂಗ್‌ಸ್ಟನ್ನಿನ ಬಡಕೇರಿಗಳಲ್ಲಿ ಆ ಹೊತ್ತಿಗೆ ಆಳೆತ್ತರದ ಸ್ಪೀಕರು ನಿಲ್ಲಿಸಿ ಪ್ಲೇಟು ಹಾಕಿ ಕುಣಿಸುವ 'ಸೌಂಡ್ ಸಿಸ್ಟಂ'ಗಳ ಕಾಲ. ಹೋಟೆಲಿಗೆ ಕಾಲಿಡಲಾಗದವರ ಹೋಟೆಲು ಅದು. ಅಂಥದೊಂದರ ಯಜಮಾನ ಕ್ಲೆಮೆಂಟ್ ಡಾಡ್ ಬಂದು ಸ್ಕಾ ನುಡಿಸು ಎಂದ. ಮೆಕ್ಕುಕ್ ಮೊದಲು ಒಲ್ಲೆ ಅಂದ. ನಾನು ಜಾಜ್‌ನವನು ಅನ್ನೋದು ಅವನ ವಾದ. ಡಾಡ್‌ಗಾಗಿಯೇ ಆ ವರ್ಷ ಡ್ರಮಂಡ್, ರೋಲಂಡ್ ಆಲ್ಫಾನ್ಸೊ, ಅರ್ನೆಸ್ಟ್ ರಾಂಗ್ಲಿನ್ ಜೊತೆ ಅಪ್ಪಟ ಜಾಜ್ ಪ್ಲೇಟೊಂದನ್ನು ಮಾಡಿದ. ಸ್ಕಾಗೆ ಮಾತ್ರ ಒಗ್ಗಲು ಹೊತ್ತು ಹಿಡಿಯಿತು. ನನ್ನ ಮಟ್ಟಿಗೆ ಅವನ ಬದುಕಿನ ಮುಖ್ಯ ಗಳಿಗೆ ಈ 'ಒಲ್ಲೆ'. ಕಷ್ಟಪಟ್ಟು ಕಲಿತವನಿಗೆ ಕಲಿತದ್ದೇ ಗೋಡೆಯಾಗುತ್ತದೆ. ಆ ಗೋಡೆ ದಾಟಿ ಕೇರಿಯ ಕುಣಿತಕ್ಕೆ ಇಳಿದದ್ದನ್ನು ಇಳಿತ ಎನ್ನುವವರ ವಿಮರ್ಶೆ ನಮಗೆ ಬೇಡ.

ಇಳಿದ ಮೇಲೆ ಅವನು ಮಾಡಿದ್ದೇನು? ಒಂದು, ಎರಡು, ಮೂರು, ನಾಲ್ಕು ಎಂದು ಕಾಲು ತಟ್ಟಿ ನೋಡಿ. ಕಾಲು ನೆಲಕ್ಕೆ ಬಿದ್ದಾಗಲ್ಲ, ಮೇಲೆದ್ದಾಗ ಗಿಟಾರು, ಪಿಯಾನೋ ಚಕ್ ಅನ್ನುತ್ತವೆ. ಅದು ಸ್ಕಾ. ಆ ಓಟದ ಮೇಲೆ ಮೆಕ್ಕುಕ್‌ನ ಟೆನರ್ ಸ್ಯಾಕ್ಸ್ ಓಡುವುದಿಲ್ಲ. ಅವಸರವಿಲ್ಲದೆ, ಯಾರೋ ಹಿರಿಯ ಜಗಲಿ ಮೇಲೆ ಕೂತು ಮಾತಾಡಿದಂತೆ ನಡೆಯುತ್ತದೆ. ಜಾಜ್‌ನಲ್ಲಿ ಇಡೀ ರಾತ್ರಿ ಬೆಳೆಸಬಹುದಾದ್ದನ್ನು ಮೂರು ನಿಮಿಷದ ಪ್ಲೇಟಿನೊಳಗೆ ಸಿಕ್ಕ ಚೂರು ಜಾಗದಲ್ಲಿ ಹೇಳಿ ಮುಗಿಸಬೇಕು. ಆ ಬಿಗಿಯೇ ಅವನ ಶೈಲಿಯಾಯಿತು.

ಇನ್ನೊಂದು ಬೇರು ವಾರೆಕಾ ಗುಡ್ಡದ ಕಡೆಗಿತ್ತು. ಅಲ್ಲಿ ಕೌಂಟ್ ಆಸಿ ಎಂಬ ರಾಸ್ತಾಫಾರಿ ಡ್ರಮ್ಮುಗಾರನ ಬಿಡಾರ. ಮೆಕ್ಕುಕ್ ಮತ್ತವನ ಗೆಳೆಯರು ಅಲ್ಲಿಗೆ ಹೋಗಿ ಕೂಡಿ ನುಡಿಸುತ್ತಿದ್ದರು. ರಾಸ್ತಾಗಳೆಂದರೆ ಆಗ ಮರ್ಯಾದಸ್ಥರಿಗೆ ಅಸಹ್ಯ, ಪೊಲೀಸರಿಗೆ ಬೇಟೆ. 1963ರಲ್ಲಿ ಕೋರಲ್ ಗಾರ್ಡನ್ಸ್ ಘಟನೆಯ ನಂತರ ನಡೆದ ದಬ್ಬಾಳಿಕೆಗೆ ಸರ್ಕಾರ ಕ್ಷಮೆ ಕೇಳಿದ್ದು 2017ರಲ್ಲಿ! ಅಂಥವರ ಡ್ರಮ್ಮಿನ ಪಕ್ಕ ಕೂತು ಕಲಿಯುವುದು ಬರೀ ರುಚಿಯ ಪ್ರಶ್ನೆ ಆಗಿರಲಿಲ್ಲ.

1964ರಲ್ಲಿ ಸ್ಕಾಟಲೈಟ್ಸ್ ತಂಡ ಕಟ್ಟಿದರು. ಆಕಾಶಕ್ಕೆ ಹಾರಿಬಿಟ್ಟ ಸ್ಯಾಟಲೈಟಿಗೆ ಸ್ಕಾ ಸೇರಿಸಿದ ಹೆಸರು. ಅದೇ ವರ್ಷ ನ್ಯೂಯಾರ್ಕಿನ ವಿಶ್ವ ಮೇಳಕ್ಕೆ ಜಮೈಕಾ ಸರ್ಕಾರ ತನ್ನ ದೇಶದ ಹೊಸ ಸಂಗೀತವೆಂದು ಸ್ಕಾವನ್ನು ಕಳಿಸಿತು. ಕಳಿಸಿದ್ದು ಯಾರನ್ನು? ಮೇಲಿನ ಕೇರಿಯವರಿಗೆ ಒಪ್ಪುವ ಬೈರನ್ ಲೀ ಮತ್ತು ಡ್ರ್ಯಾಗನೇರ್ಸ್ ತಂಡವನ್ನು. ಅದನ್ನು ಊದಿ ಬೆಳೆಸಿದ ಆಲ್ಫಾದ ಹುಡುಗರು ಊರಲ್ಲೇ ಉಳಿದರು. ಸಂಗೀತ ಬೇಕು, ಸಂಗೀತಗಾರ ಬೇಡ! ಸ್ವತಂತ್ರ ದೇಶದ ಆಳುವ ವರ್ಗ ಎರಡೇ ವರ್ಷದಲ್ಲಿ ಕಲಿತ ಪಾಠ ಇದು.

ದುಡ್ಡಿನ ಲೆಕ್ಕವೂ ಹೀಗೇ. ಇಷ್ಟು ಹಾಡಿಗೆ ಇಷ್ಟು ಎಂದು ಕೈಗೆ ಕೂಲಿ. ಪ್ಲೇಟು ಮಾತ್ರ ಸ್ಟುಡಿಯೋ ಯಜಮಾನನದು. ತಂಡ 1965ರಲ್ಲಿ ಒಡೆಯಿತು. ಅವರ 'ಗನ್ಸ್ ಆಫ್ ನ್ಯಾವರೋನ್' ಪ್ಲೇಟು ಬ್ರಿಟನ್ನಿನ ಪಟ್ಟಿಯಲ್ಲಿ 36ನೇ ಸ್ಥಾನಕ್ಕೆ ಏರಿದ್ದು 1967ರಲ್ಲಿ. ಆ ಹೊತ್ತಿಗೆ ಚಪ್ಪಾಳೆ ಸ್ವೀಕರಿಸಲು ತಂಡವೇ ಇರಲಿಲ್ಲ.

ಮೆಕ್ಕುಕ್ ಆಮೇಲೆ ಡ್ಯೂಕ್ ರೀಡ್‌ನ ಟ್ರೆಷರ್ ಐಲ್ ಸ್ಟುಡಿಯೋ ಸೇರಿ ಸೂಪರ್‌ಸಾನಿಕ್ಸ್ ತಂಡ ನಡೆಸಿದ. ರೀಡ್ ಪೊಲೀಸು ಕೆಲಸ ಬಿಟ್ಟು ಹೆಂಡದಂಗಡಿ ಇಟ್ಟವನು. ಅಂಗಡಿಯ ಮೇಲೇ ಸ್ಟುಡಿಯೋ. ಸ್ಕಾದ ಓಟ ತಗ್ಗಿ ರಾಕ್‌ಸ್ಟೆಡಿ ಆಯ್ತು, 1968ರ ಹೊತ್ತಿಗೆ ಇನ್ನಷ್ಟು ಭಾರವಾಗಿ ರೆಗೆ ಆಯ್ತು. ಹಾಡುಗಾರ ಮುಂದೆ ಬಂದ, ಊದುವವನು ಹಿಂದೆ ಸರಿದ. ಪ್ಯಾರಗನ್ಸ್ ಹಾಡಿದ 'ದಿ ಟೈಡ್ ಈಸ್ ಹೈ' ಹಾಡಿಗೆ ವಾದ್ಯ ನುಡಿಸಿದ್ದು ಸೂಪರ್‌ಸಾನಿಕ್ಸ್. 1980ರಲ್ಲಿ ಬ್ಲಾಂಡಿ ಎಂಬ ಅಮೆರಿಕದ ತಂಡ ಅದನ್ನೇ ಹಾಡಿ ಅಮೆರಿಕ, ಬ್ರಿಟನ್ ಎರಡರಲ್ಲೂ ಮೊದಲ ಸ್ಥಾನಕ್ಕೆ ಹೋಯಿತು. ಎಪ್ಪತ್ತರ ದಶಕದಲ್ಲಿ ಬನ್ನಿ ಲೀಗಾಗಿ ಅಗ್ರೊವೇಟರ್ಸ್ ಜೊತೆ ನುಡಿಸಿದಾಗ ಕಿಂಗ್ ಟಬಿ ಎಂಬ ರಿಪೇರಿ ಕೆಲಸದಿಂದ ಬಂದ ಜಾಣ ಅದನ್ನು ಡಬ್ ಮಾಡಿದ: ಸ್ಯಾಕ್ಸ್ ಒಂದು ಕೂಗು ಹಾಕಿ ಮಾಯ, ಅದರ ಮಾರ್ದನಿ ಮಾತ್ರ ಉಳಿಯುತ್ತದೆ. ಕೇಳಲು ಅದ್ಭುತ. ಆದರೆ ಊದಿದವನ ಕೈಯಲ್ಲಿ ಅವನ ಉಸಿರೂ ಉಳಿಯಲಿಲ್ಲ ಅನ್ನೋದನ್ನು ಮರೆಯಬಾರದು.

ಮೆಕ್ಕುಕ್‌ನಲ್ಲಿ ದೋಷವಿಲ್ಲವೆಂದಲ್ಲ. ಸಿನಿಮಾ ಧಾಟಿಗಳನ್ನು ಸಲೀಸಾಗಿ ಎತ್ತಿಕೊಂಡ ಪ್ಲೇಟುಗಳಲ್ಲಿ ಕಸಬುಗಾರಿಕೆ ಇದೆ, ಕಿಚ್ಚಿಲ್ಲ. ಡ್ರಮಂಡ್‌ನ ಟ್ರಾಂಬೋನ್ ಇರಿಯುವ ಹಾಗೆ ಇವನ ಸ್ಯಾಕ್ಸ್ ಇರಿಯುವುದಿಲ್ಲ. ಆದರೆ ಡ್ರಮಂಡ್ 1969ರಲ್ಲಿ ಮಾನಸಿಕ ಆಸ್ಪತ್ರೆಯಲ್ಲಿ ಸತ್ತ. ಮೆಕ್ಕುಕ್ ಉಳಿದ, ಕಿರಿಯರನ್ನು ಕೂಡಿಸಿದ, 1983ರ ರೆಗೆ ಸನ್‌ಸ್ಪ್ಲಾಷ್ ಉತ್ಸವದಲ್ಲಿ ಹಳೆಯ ತಂಡವನ್ನು ಮತ್ತೆ ವೇದಿಕೆಗೆ ತಂದವರಲ್ಲಿ ಒಬ್ಬನಾದ. ಉಳಿಯುವುದೂ ಒಂದು ಪ್ರತಿಭಟನೆಯೇ.

1998ರ ಮೇ 5ರಂದು ಅಟ್ಲಾಂಟಾದಲ್ಲಿ ಆತ ತೀರಿಕೊಂಡ. 2018ರಲ್ಲಿ ಯುನೆಸ್ಕೊ ರೆಗೆಯನ್ನು ಮನುಕುಲದ ಪರಂಪರೆ ಎಂದು ಪಟ್ಟಿಗೆ ಸೇರಿಸಿತು. ಸಂತೋಷ. ಮನುಕುಲಕ್ಕೆ ಸೇರಿಸುವ ಮೊದಲು ಆ ಹುಡುಗರ ಕೂಲಿ ಬಾಕಿ ಎಷ್ಟು ಅಂತ ಯಾರಾದರೂ ಕೇಳಿದರಾ?