ದಿಮ್ಮಿ ಲಾರಿಯ ಜೀರ್ಣೋದ್ಧಾರ: ಬಣ್ಣವಷ್ಟೇ ಸಾಕೆ?

ಕೆನಡಾದ ಪಶ್ಚಿಮ ತೀರದಲ್ಲಿರುವ ಬ್ರಿಟಿಷ್ ಕೊಲಂಬಿಯಾದಲ್ಲಿ ಹಳೆಯ ದಿಮ್ಮಿ ಲಾರಿಗಳನ್ನು ಹುಡುಕಿ ತಂದು, ತುಕ್ಕು ಕೆರೆದು, ಮತ್ತೆ ಓಡಿಸುವ ಹವ್ಯಾಸಿಗಳಿದ್ದಾರೆ. ಇವು ನೀವು ಹೆದ್ದಾರಿಯಲ್ಲಿ ಕಾಣುವಂಥ ಲಾರಿಗಳಲ್ಲ. ವ್ಯಾಂಕೂವರ್‌ನ ಹೇಯ್ಸ್ ಕಂಪನಿಯ ಎಚ್‌ಡಿಎಕ್ಸ್, 1947ರಲ್ಲಿ ಆರಂಭವಾದ ಪೆಸಿಫಿಕ್ ಕಂಪನಿಯ ಪಿ-16 ಮೊದಲಾದವು ಕಾಡಿನ ಖಾಸಗಿ ರಸ್ತೆಗಳಿಗೆಂದೇ ತಯಾರಾದವು. ಸಾರ್ವಜನಿಕ ರಸ್ತೆಯಲ್ಲಿ ಅಲ್ಲಿ ಸಾಮಾನ್ಯ ಲಾರಿಯ ಅಗಲ 2.6 ಮೀಟರ್ ಮೀರುವಂತಿಲ್ಲ. ಇವುಗಳಲ್ಲಿ ದಿಮ್ಮಿ ಹೊರುವ ಅಡ್ಡತೊಲೆಯೇ 12 ಅಡಿಗೂ ಹೆಚ್ಚು ಅಗಲವಿರುವುದುಂಟು. ಹೇಯ್ಸ್ 1975ರಲ್ಲಿ ಮುಚ್ಚಿತು. ಹೀಗಾಗಿ ಉಳಿದಿರುವ ಪ್ರತಿ ಲಾರಿಯೂ ಒಂದು ತಾಂತ್ರಿಕ ದಾಖಲೆ.

ಜೀರ್ಣೋದ್ಧಾರಗೊಂಡ ಲಾರಿಯನ್ನು ನೋಡಿದವರು ಮೆಚ್ಚುವುದು ಸಾಮಾನ್ಯವಾಗಿ ಬಣ್ಣವನ್ನು, ಕ್ರೋಮ್ ಹೊಳಪನ್ನು. ಇಲ್ಲೇ ನನ್ನ ತಕರಾರು. ನೀವು ಮೊದಲು ನೋಡಬೇಕಾದದ್ದು ನೀರಿನ ಟ್ಯಾಂಕನ್ನು!

ಏಕೆಂದರೆ ಈ ಲಾರಿಗಳು ತುಂಬಿದ ಹೊರೆಯೊಡನೆ ಬೆಟ್ಟ ಇಳಿಯುತ್ತಿದ್ದವು. ಒಟ್ಟು ತೂಕ 100 ಟನ್, ಇಳಿಯುವ ಎತ್ತರ 300 ಮೀಟರ್ ಎಂದಿಟ್ಟುಕೊಳ್ಳಿ. ಕಳೆದುಕೊಳ್ಳುವ ಸ್ಥಿತಿಶಕ್ತಿ ಸುಮಾರು 29.4 ಕೋಟಿ ಜೂಲ್. ಎಂಜಿನ್ನಿನ ತಡೆ, ಗಾಳಿಯ ಪ್ರತಿರೋಧ ಇತ್ಯಾದಿಗಳನ್ನು ಬದಿಗಿಟ್ಟು, ಇಷ್ಟೂ ಶಕ್ತಿ ಬ್ರೇಕುಗಳಲ್ಲಿ ಉಷ್ಣವಾಗುತ್ತದೆಂದು ಭಾವಿಸೋಣ. ಬ್ರೇಕ್ ಡ್ರಮ್ಮುಗಳ ಕಬ್ಬಿಣ ಒಟ್ಟು 1 ಟನ್ ಇದ್ದರೂ ಅದರ ತಾಪ 640 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಬೇಕು. ಅಷ್ಟರೊಳಗೆ ಬ್ರೇಕ್ ತನ್ನ ಹಿಡಿತವನ್ನೇ ಕಳೆದುಕೊಂಡಿರುತ್ತದೆ. ಅದೇ ಉಷ್ಣವನ್ನು ನೀರಿಗೆ ಕೊಟ್ಟರೆ? ನೀರಿನ ಗುಪ್ತೋಷ್ಣ ಬಹಳ ಹೆಚ್ಚು. ಸುಮಾರು 113 ಲೀಟರ್ ನೀರು ಆವಿಯಾದರೆ ಸಾಕು. ಟ್ಯಾಂಕಿನಿಂದ ಕೊಳವೆಗಳ ಮೂಲಕ ಡ್ರಮ್ಮುಗಳಿಗೆ ನೀರು ಚಿಮುಕಿಸುವ ವ್ಯವಸ್ಥೆ ಇದ್ದದ್ದು ಇದಕ್ಕಾಗಿ. ಕಾದ ಎರಕದ ಕಬ್ಬಿಣಕ್ಕೆ ತಣ್ಣೀರು ತಟ್ಟನೆ ಬಿದ್ದರೆ ಬಿರುಕು ಬಿಡಬಹುದು; ಆದ್ದರಿಂದ ನೀರನ್ನು ಇಳಿಜಾರಿನ ಆರಂಭದಲ್ಲೇ ಬಿಡುವುದು ಜಾಣತನ.

ಪ್ರದರ್ಶನದ ಲಾರಿ ಹೊರೆ ಹೊರುವುದಿಲ್ಲ ನಿಜ. ಹಾಗೆಂದು ಟ್ಯಾಂಕನ್ನು ಕಳಚಿಟ್ಟರೆ ಉಳಿಯುವುದು ದೊಡ್ಡ ಗಾತ್ರದ ಆಟಿಕೆ. ಅದನ್ನು ನೋಡಿದ ವಿದ್ಯಾರ್ಥಿಗೆ ಬೆಟ್ಟ ಇಳಿಯುವ ಸಮಸ್ಯೆ ಇತ್ತೆಂಬುದೇ ತಿಳಿಯದು.

ಎಲ್ಲವೂ ಮೂಲದಂತೆಯೇ ಇರಬೇಕೆಂಬ ಹಟವೂ ಸಲ್ಲದು. ಹಳೆಯ ಬ್ರೇಕ್ ಲೈನಿಂಗ್‌ಗಳಲ್ಲಿ ಕಲ್ನಾರು ಇರುತ್ತಿತ್ತು. ಅದರ ಧೂಳು ಶ್ವಾಸಕೋಶಕ್ಕೆ ಮಾರಕ. 2018ರಲ್ಲಿ ಕೆನಡಾ ಅದನ್ನು ನಿಷೇಧಿಸಿತು. ಅದನ್ನು ತೆಗೆಯಲೇಬೇಕು, ತೆಗೆದದ್ದನ್ನು ಬರೆದಿಡಬೇಕು.

ಎಂಜಿನ್ನಿನ ವಿಷಯದಲ್ಲಿ ಮಾತು ಅಷ್ಟು ಸುಲಭವಲ್ಲ. ಇಂಥ ಲಾರಿಗಳಲ್ಲಿದ್ದ ಡೆಟ್ರಾಯಿಟ್ ಡೀಸೆಲ್ 12ವಿ-71 ಎರಡು ಹೊಡೆತದ್ದು. ಅದರ 12 ಸಿಲಿಂಡರುಗಳಲ್ಲೂ ಪ್ರತಿ ಸುತ್ತಿಗೊಮ್ಮೆ ದಹನ ನಡೆಯುತ್ತದೆ. ನಿಮಿಷಕ್ಕೆ 2100 ಸುತ್ತು ತಿರುಗಿದರೆ ಸೆಕೆಂಡಿಗೆ 420 ದಹನಗಳು. ನಾಲ್ಕು ಹೊಡೆತದ್ದಾಗಿದ್ದರೆ 210 ಮಾತ್ರ. ಆ ಕಿರುಚುವ ದನಿಯ ಮೂಲ ಇದೇ. ಬಿಡಿಭಾಗ ಸಿಗದೆ ಬೇರೆ ಎಂಜಿನ್ ಕೂರಿಸಿದವರನ್ನು ನಾನು ದೂರಲಾರೆ. ಆದರೆ ಆ ಲಾರಿಯ ಪಕ್ಕದ ಫಲಕದಲ್ಲಿ ‘ಮೂಲರೂಪದಲ್ಲಿ’ ಎಂದು ಬರೆದರೆ, ಅದನ್ನು ಒಪ್ಪಲಾರೆ.