ಧ್ಯಾಸ ಇಲ್ಲದವನ ‘ಕರ್ವಾಲೊ’

ಹೋದ ಜನವರಿಯ ಒಂದು ಭಾನುವಾರ ನನ್ನ ಹೆಂಡತಿ ಮತ್ತು ಆರು ವರ್ಷದ ಮಗಳು ಇಂದಾಪುರದ ಎಸ್‌.ಟಿ. ಸ್ಟ್ಯಾಂಡಿನಲ್ಲಿ ಒಂದು ತಾಸು ನಲವತ್ತು ನಿಮಿಷ ಕೂತಿದ್ದರು. ಅಫಜಲಪುರದಿಂದ ಹೊರಟು ಸೊಲ್ಲಾಪುರದಲ್ಲಿ ಬಸ್ಸು ಬದಲಿಸಿ ಬಂದಿಳಿದಿದ್ದರು. ಕರೆದುಕೊಂಡು ಬರಬೇಕಾದ ನಾನು ಉಜನಿ ಹಿನ್ನೀರಿನ ದಂಡೆಯಲ್ಲಿ ನಿಂತು ಫ್ಲೆಮಿಂಗೊಗಳು ಕೊಕ್ಕನ್ನು ತಲೆಕೆಳಗು ಮಾಡಿ ಕೆಸರು ಸೋಸುವುದನ್ನು ನೋಡುತ್ತಿದ್ದೆ. ಹತ್ತು ನಿಮಿಷ ನೋಡಿ ಹೋಗೋಣ ಅಂದುಕೊಂಡಿದ್ದೆ. ಫೋನು ಸ್ಕೂಟರಿನ ಡಿಕ್ಕಿಯಲ್ಲಿತ್ತು, ಹದಿಮೂರು ಮಿಸ್ಡ್ ಕಾಲ್. ಸ್ಟ್ಯಾಂಡಿಗೆ ಓಡಿ ಬಂದಾಗ ಮಗಳು ಬ್ಯಾಗಿನ ಮೇಲೆ ತಲೆಯಿಟ್ಟು ಮಲಗಿದ್ದಳು. ಹೆಂಡತಿ ಏನೂ ಅನ್ನಲಿಲ್ಲ. ಮನೆಗೆ ಬಂದು ಅನ್ನಕ್ಕಿಟ್ಟಳು.

ಈ ಪತ್ರಿಕೆಯ ‘ಮರು ಓದು’ ಅಂಕಣಕ್ಕೆ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಬಗ್ಗೆ ಬರೆದುಕೊಡುತ್ತೇನೆಂದು ನಾನು ಸಂಪಾದಕರಿಗೆ ಮಾತು ಕೊಟ್ಟು ಎರಡು ವರ್ಷವಾಗಿದೆ. ಅವರು ತಾಳ್ಮೆಯವರು. ನನ್ನ ಕಪಾಟಿನ ಬಹಳಷ್ಟು ಕಾದಂಬರಿಗಳಲ್ಲಿ ಅರವತ್ತು, ಎಪ್ಪತ್ತನೆಯ ಪುಟದ ಹತ್ತಿರ ಒಂದೊಂದು ಬಸ್ ಟಿಕೆಟ್ ಸಿಕ್ಕಿಕೊಂಡಿದೆ. ‘ಮಲೆಗಳಲ್ಲಿ ಮದುಮಗಳು’ ಮೂರು ಸಲ ಶುರು ಮಾಡಿದ್ದೇನೆ. ಆ ಕಾದಂಬರಿ ತನಗೇನೂ ಅವಸರವಿಲ್ಲವೆಂದು ಬಾಗಿಲಲ್ಲೇ ಹೇಳಿಬಿಡುತ್ತದೆ, ನನ್ನಂಥವನು ಅಲ್ಲೇ ಹೆದರುತ್ತಾನೆ. ‘ಕರ್ವಾಲೊ’ ಒಂದನ್ನು ಮಾತ್ರ ಎಷ್ಟು ಸಲ ಮುಗಿಸಿದ್ದೇನೋ ಲೆಕ್ಕವಿಲ್ಲ. ಯಾಕೆ ಎಂಬುದು ನನಗೆ ತಿಳಿದದ್ದು ಇತ್ತೀಚೆಗೆ, ಮೂವತ್ತೆಂಟನೆಯ ವಯಸ್ಸಿನಲ್ಲಿ, ಪುಣೆಯ ಒಬ್ಬ ಮನೋವೈದ್ಯೆಯ ಮುಂದೆ ಕೂತಾಗ.

ಎ.ಡಿ.ಎಚ್.ಡಿ. ಇದೆಯೋ ಇಲ್ಲವೋ ಎಂದು ನೋಡುವಾಗ ದೊಡ್ಡವರನ್ನೂ ಬಾಲ್ಯದ ಬಗ್ಗೆ ಕೇಳುತ್ತಾರೆ. ಹನ್ನೆರಡು ವರ್ಷದೊಳಗೇ ಅದರ ಗುರುತುಗಳಿದ್ದಿರಬೇಕು, ಮನೆ, ಕೆಲಸ ಹೀಗೆ ಒಂದಕ್ಕಿಂತ ಹೆಚ್ಚು ಕಡೆ ತೊಂದರೆ ಕೊಟ್ಟಿರಬೇಕು. (ಮೊಬೈಲ್ ಬಂದಮೇಲೆ ನನಗೂ ಹಂಗೇ ಆಗೇದ ಎಂದು ಗೆಳೆಯರು ಸಮಾಧಾನ ಹೇಳುತ್ತಾರಲ್ಲ, ಅವರಿಗೆ ಇಷ್ಟು ಸಾಕು.) ಹಳೆಯ ಮಾರ್ಕ್ಸ್ ಕಾರ್ಡುಗಳಿದ್ದರೆ ತನ್ನಿ ಅಂದರು. ಅವ್ವ ಟ್ರಂಕಿನಿಂದ ತೆಗೆದು ಕಳಿಸಿದಳು. ನಾಲ್ಕನೇ ಇಯತ್ತೆಯ ಕಾರ್ಡಿನ ಷರಾ ಕಾಲಮಿನಲ್ಲಿ ಮಾಸ್ತರರ ಅಕ್ಷರ: ಹುಡುಗ ಶಾಣ್ಯಾ, ಧ್ಯಾಸ ಇಲ್ಲ.

ಡಾಕ್ಟರು ಮರಾಠಿಯವರು. ಓದಿ ಹೇಳಿದೆ. ಅವರು ಎರಡನೆಯ ಸಲ ಹೇಳಿಸಿ ನಕ್ಕರು. ನಮ್ಮ ಕಡೆ ಧ್ಯಾಸ ಅಂದರೆ ಗಮನ, ನೆನಪು, ಎಚ್ಚರ, ಮೂರೂ ಸೇರಿದ್ದು. ‘ಧ್ಯಾಸ ಇಟ್ಟು ಕೇಳು’ ಅನ್ನುತ್ತೇವೆ. ಮರಾಠಿಯಲ್ಲಿ ಅದೇ ಮಾತಿಗೆ ಒಂದರದ್ದೇ ಗುಂಗು, ಬಿಡದ ಹಂಬಲ ಎಂಬ ಅರ್ಥ. ‘ನೀವು ಹೇಳಿದ್ದನ್ನೆಲ್ಲ ಕೇಳಿದರೆ ನಿಮಗೆ ಧ್ಯಾಸ ಇಲ್ಲ ಅಂತ ನಾನು ಬರೆಯುವುದಿಲ್ಲ, ಧ್ಯಾಸವೇ ನಿಮ್ಮ ಸಮಸ್ಯೆ’ ಅಂದರು. ಮಾಸ್ತರರೂ ಸರಿ, ಡಾಕ್ಟರೂ ಸರಿ. ಈ ಅಸ್ವಸ್ಥತೆಗೆ ‘ಗಮನದ ಕೊರತೆ’ ಎಂದು ಹೆಸರಿಟ್ಟವರು ಅರ್ಧವನ್ನಷ್ಟೇ ಹೇಳಿದ್ದಾರೆ. ಗಮನ ನನ್ನಲ್ಲಿ ಇಲ್ಲದೆ ಇಲ್ಲ, ಕರೆದಾಗ ಬರುವುದಿಲ್ಲ, ಬಂದದ್ದು ಕಳಿಸಿದರೆ ಹೋಗುವುದಿಲ್ಲ.

ಆ ಹೆಸರು ಬಂದದ್ದು 1980ರಲ್ಲಿ, ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಯ ಮೂರನೆಯ ಆವೃತ್ತಿಯಲ್ಲಿ. ಅದಕ್ಕೂ ಮೊದಲು ಇದನ್ನು ಮಕ್ಕಳ ಅತಿಚಟುವಟಿಕೆ ಎಂದಷ್ಟೇ ನೋಡುತ್ತಿದ್ದರು. ದೊಡ್ಡವರಾದ ಮೇಲೂ ಉಳಿಯಬಹುದೆಂಬ ಮಾತಿಗೆ ಆ ಆವೃತ್ತಿ ಒಂದು ಮೂಲೆ ಕೊಟ್ಟಿತು. ‘ಕರ್ವಾಲೊ’ ಪ್ರಕಟವಾದದ್ದೂ 1980ರಲ್ಲೇ. ಇದು ಬರೀ ಕಾಕತಾಳೀಯ, ಇದರಿಂದ ಏನನ್ನೂ ಸಾಧಿಸುವುದಿಲ್ಲ. ಆದರೂ ಒಂದೇ ವರ್ಷ ಹುಟ್ಟಿದ ಎರಡು ಪುಸ್ತಕಗಳನ್ನು ಪಕ್ಕಪಕ್ಕ ಇಟ್ಟು ನೋಡುವ ಆಸೆ ನನಗೆ ತಡೆಯಲಾಗಲಿಲ್ಲ.

ಮಂದಣ್ಣನಿಗೆ ರೋಗದ ಹೆಸರು ಅಂಟಿಸುವುದು ನನ್ನ ಉದ್ದೇಶವಲ್ಲ. ಕಥೆಯ ಪಾತ್ರಗಳಿಗೆ ಚೀಟಿ ಬರೆದುಕೊಡುವ ವಿಮರ್ಶೆ ಈಗ ಒಂದು ಚಟವಾಗಿದೆ, ಪಾತ್ರ ಅದರಿಂದ ಸಣ್ಣದಾಗುತ್ತದೆ. ಮಂದಣ್ಣ ಮೂಡಿಗೆರೆಯ ಕಡೆಯ ಒಬ್ಬ ಹಳ್ಳಿ ಹುಡುಗ. ಜೇನಿನ ಹಿಂದೆ ಅಲೆಯುತ್ತಾನೆ. ನೌಕರಿ ಬೇಕು, ಮದುವೆ ಬೇಕು, ಎರಡಕ್ಕೂ ಬೇಕಾದ ನೆಟ್ಟಗಿನ ನಡತೆ ಮಾತ್ರ ಅವನಿಂದಾಗದು. ಕಳ್ಳಭಟ್ಟಿಯ ಕೇಸಿನಲ್ಲಿ ಸಿಕ್ಕಿಬೀಳುತ್ತಾನೆ. ನಿರೂಪಕನಿಗೂ ಮೊದಲು ಅವನೊಬ್ಬ ಉಪಯೋಗಕ್ಕೆ ಬಾರದವನಾಗಿಯೇ ಕಾಣುತ್ತಾನೆ, ಇಷ್ಟು ದೊಡ್ಡ ವಿಜ್ಞಾನಿಗೆ ಇಂಥವನಲ್ಲಿ ಏನು ಆಸಕ್ತಿ ಎಂದು ತಲೆ ಕೆಡಿಸಿಕೊಳ್ಳುತ್ತಾನೆ. ಕರ್ವಾಲೊಗೆ ಕಾಣುವುದು ಬೇರೆ. ಹುಳ, ಹಕ್ಕಿ, ಓತಿಗಳ ಮೇಲೆ ನೆಟ್ಟ ಆ ಕಣ್ಣಿನಲ್ಲಿ ಅವರಿಗೆ ಹುಟ್ಟು ನಿಸರ್ಗ ವಿಜ್ಞಾನಿಯೊಬ್ಬ ಕಾಣುತ್ತಾನೆ.

ಕರ್ವಾಲೊ ಇಡೀ ಕಾದಂಬರಿಯಲ್ಲಿ ಮಂದಣ್ಣನಿಗೆ ಗಮನವಿಟ್ಟು ಬದುಕು ಎಂದು ಉಪದೇಶ ಮಾಡಲು ಹೋಗುವುದಿಲ್ಲ. ನನಗೆ ಇದು ದೊಡ್ಡ ವಿಷಯ. ನಮ್ಮ ಸಾಹಿತ್ಯದಲ್ಲಿ ಚಂಚಲ ಮನಸ್ಸು ಎಂದರೆ ಬಹುಮಟ್ಟಿಗೆ ನೈತಿಕ ದೋಷ. ಗೀತೆಯ ಅರ್ಜುನ ಅದನ್ನು ಗಾಳಿಗೆ ಹೋಲಿಸಿ ಕೈಚೆಲ್ಲುತ್ತಾನೆ, ಬಸವಣ್ಣನವರು ಕೊಂಬೆಯಿಂದ ಕೊಂಬೆಗೆ ಹಾರುವ ಮಂಗನನ್ನು ಮುಂದಿಟ್ಟುಕೊಂಡು ಮೊರೆಯಿಡುತ್ತಾರೆ. ಆ ಮಾತುಗಳ ಎತ್ತರ ಬೇರೆ. ಆದರೆ ಅವು ಶಾಲೆಯ ಗೋಡೆಗೆ ಇಳಿದು ಬಂದಾಗ ಹುಡುಗನಿಗೆ ತಲುಪುವುದು ಒಂದೇ ಸಂದೇಶ: ನಿನ್ನ ಮನಸ್ಸು ಮಂಗ, ತಪ್ಪು ನಿನ್ನದು. ತೇಜಸ್ವಿ ಗಮನವನ್ನು ಆ ಗೋಡೆಯಿಂದ ಇಳಿಸಿ ಕಾಡಿಗೆ ಒಯ್ದರು. ಅಲ್ಲಿ ಅದು ಶೀಲವಲ್ಲ, ಮನುಷ್ಯನಿಗೂ ವಸ್ತುವಿಗೂ ನಡುವೆ ಹುಟ್ಟುವ ನಂಟು. ನಂಟು ಹುಟ್ಟದ ಕಡೆ ಬಯ್ದರೂ ಹುಟ್ಟದು.

ಬರವಣಿಗೆಯ ನಡೆಯೂ ಹಾಗೇ. ಜೇನಿನ ಸೊಸೈಟಿಯಿಂದ ಹೊರಟ ಕತೆ ಕೇಸಿನತ್ತ ತಿರುಗುತ್ತದೆ, ಮದುವೆಯಲ್ಲಿ ಕೂರುತ್ತದೆ, ಕಿವಿ ಎಂಬ ನಾಯಿಯ ಹಿಂದೆ ಓಡುತ್ತದೆ. ಹಾರುವ ಓತಿ ಎಂಬ ಎಳೆ ಕೈಗೆ ಸಿಗುವುದು ತಡವಾಗಿ. ಸಿಕ್ಕಮೇಲೆ ಮಾತ್ರ ಬಿರಿಯಾನಿ ಕರಿಯಪ್ಪ, ಹಾವಾಡಿಗ ಎಂಗ್ಟ, ಪ್ರಭಾಕರ ಎಲ್ಲರೂ ಅದರ ಹಿಂದೆ. ತೋಟ ಮಾರಿ ಹೋಗಿಬಿಡಬೇಕೆಂದಿದ್ದ ನಿರೂಪಕನ ಚೆದುರಿದ ಮನಸ್ಸೂ ಅಲ್ಲೇ ಒಂದುಗೂಡುತ್ತದೆ. ಇದನ್ನು ಕಾದಂಬರಿಯ ಸಡಿಲ ಎನ್ನುವವರಿದ್ದಾರೆ. ನನ್ನ ತಲೆ ಓದುವುದೇ ಆ ವೇಗದಲ್ಲಿ, ಟಿಕೆಟ್ ಸಿಕ್ಕಿಸುವ ಪುಟವೇ ಅದರಲ್ಲಿ ಬರಲಿಲ್ಲ.

ಇಲ್ಲೊಂದು ಅಡ್ಡಮಾತು. ಗಮನವನ್ನೇ ಒಂದು ಕಲೆ ಮಾಡಿ ವೇದಿಕೆಯ ಮೇಲೆ ಆಡಿದ ಭಾಷೆಗಳಲ್ಲಿ ನಮ್ಮದೂ ಒಂದು. ಅವಧಾನ ಎಂದರೆ ಗಮನ. ಶತಾವಧಾನಿ ಆರ್. ಗಣೇಶರ ಅಷ್ಟಾವಧಾನ ನೋಡಿದವರಿಗೆ ಗೊತ್ತು, ಎಂಟು ಪೃಚ್ಛಕರಲ್ಲಿ ಒಬ್ಬರಿಗೆ ಅಪ್ರಸ್ತುತ ಪ್ರಸಂಗ ಎಂಬ ಹೊಣೆ. ಪದ್ಯ ಕಟ್ಟುತ್ತಿರುವ ಅವಧಾನಿಯ ಮಧ್ಯೆ ಬಾಯಿ ಹಾಕಿ ಸಂಬಂಧವಿಲ್ಲದ್ದನ್ನು ಕೇಳುವುದೇ ಅವರ ಕೆಲಸ. ನನ್ನ ತಲೆಯ ಸಭೆಯಲ್ಲಿ ಉಳಿದ ಏಳು ಮಂದಿ ಎದ್ದು ಹೋಗಿದ್ದಾರೆ, ಈ ಮನುಷ್ಯ ಮಾತ್ರ ಮೈಕು ಬಿಟ್ಟಿಲ್ಲ. ಪುಸ್ತಕದ ಕನ್ನಡದಲ್ಲಿ ಸಾವಧಾನ ಎಂದರೆ ನಿಧಾನ, ಸಮಾಧಾನ. ಇಲ್ಲಿ ಅದು ಬೆದರಿಕೆ. ಕಬ್ಬಿನ ಟ್ರ್ಯಾಕ್ಟರುಗಳು ಓಡಾಡುವ ಪುಣೆ–ಸೊಲ್ಲಾಪುರ ಹೆದ್ದಾರಿಯಲ್ಲಿ ಸಾವಧಾನ್ ಎಂದರೆ ಹುಷಾರ್, ಮುಂದೆ ಅಪಾಯ. ಮದುವೆಯ ಅಕ್ಷತೆಗೂ ಶುಭಮಂಗಲ ಸಾವಧಾನ. ಬಾಲಕ ರಾಮದಾಸರು ಆ ಒಂದು ಶಬ್ದ ಕಿವಿಗೆ ಬಿದ್ದದ್ದೇ ಮಂಟಪದಿಂದ ಎದ್ದು ಓಡಿದರೆಂದು ಇಲ್ಲಿಯವರು ಕತೆ ಹೇಳುತ್ತಾರೆ. ಆ ಹುಡುಗಿಯ ಗತಿ ಏನಾಯಿತೆಂದು ಕತೆ ಹೇಳುವವರು ಯಾರೂ ಹೇಳಿಲ್ಲ. ಈ ಮಾತಿಗೆ ಆಮೇಲೆ ಬರುತ್ತೇನೆ.

ನಾನು ಸಕ್ಕರೆ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಕೆಮಿಸ್ಟ್. ಕಬ್ಬು ನುರಿಸುವ ಹಂಗಾಮಿನಲ್ಲಿ ತಾಸಿಗೊಮ್ಮೆ ರಸದ ಬ್ರಿಕ್ಸ್, ಪೋಲ್ ನೋಡಿ ರಿಜಿಸ್ಟರಿನಲ್ಲಿ ಬರೆಯಬೇಕು. ತಾಸಿಗೊಮ್ಮೆ, ಎಂಟು ತಾಸು, ದಿನಾ. ನನ್ನಂಥವನಿಗೆ ಇದಕ್ಕಿಂತ ಕಠಿಣ ಶಿಕ್ಷೆ ಇಲ್ಲ. ಎರಡು ಹಂಗಾಮಿನಲ್ಲಿ ಮೂರು ಮೆಮೊ ಬಂದಿವೆ, ಒಂದೊಂದೂ ನ್ಯಾಯವಾದದ್ದೇ. ಅದೇ ಕಾರ್ಖಾನೆಯಲ್ಲಿ ಪ್ಯಾನ್ ನೋಡಿಕೊಳ್ಳುವ ಒಬ್ಬ ಹಿರಿಯರಿದ್ದಾರೆ, ನಾವೆಲ್ಲ ಮಾಮಾ ಅನ್ನುತ್ತೇವೆ. ಕುದಿಯುವ ಪಾಕದ ಚೂರನ್ನು ಗಾಜಿನ ತುಂಡಿನ ಮೇಲೆ ಸವರಿ ಬೆಳಕಿಗೆ ಹಿಡಿದು ಹರಳು ಕೂತಿತೋ ಇಲ್ಲವೋ ನೋಡುತ್ತಾರೆ. ಅವರ ಪಕ್ಕ ನಿಂತರೆ ನನಗೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ, ಅಷ್ಟರಲ್ಲಿ ನನ್ನ ರೀಡಿಂಗ್ ತಪ್ಪಿರುತ್ತದೆ. ಈಗ ನಮ್ಮಿಬ್ಬರದು ಒಂದು ಒಪ್ಪಂದ. ತಾಸಿಗೆ ಐದು ನಿಮಿಷ ಇರುವಾಗ ಅವರು ‘ಲಕ್ಷ ದೇ ರೇ’ ಎಂದು ಕೂಗುತ್ತಾರೆ. ಅಲಾರಂ ಆರಿಸಿ ಮರೆಯಬಲ್ಲೆ, ಮಾಮಾನನ್ನು ಆರಿಸಲಾಗದು.

ಮಾತ್ರೆಯೂ ಇದೆ, ಮೀಥೈಲ್‌ಫೆನಿಡೇಟ್. ಇದು ಷೆಡ್ಯೂಲ್ ಎಕ್ಸ್‌ಗೆ ಸೇರಿದ ಔಷಧ, ಚೀಟಿ ಎರಡು ಪ್ರತಿ ಇರಬೇಕು, ಒಂದನ್ನು ಅಂಗಡಿಯವರು ಇಟ್ಟುಕೊಳ್ಳುತ್ತಾರೆ. ನಾನು ಕೇಳಿದ ಇಲ್ಲಿಯ ಅಂಗಡಿಗಳಲ್ಲಿ ಸಿಗಲಿಲ್ಲ, 130 ಕಿ.ಮೀ. ದಾಟಿ ಪುಣೆಗೇ ಹೋಗಬೇಕು. ದಿನಾಂಕ ನೆನಪಿಟ್ಟು, ಚೀಟಿ ಕಳೆಯದೆ, ಸಾಲಿನಲ್ಲಿ ನಿಂತು ತರಬೇಕಾದ ಔಷಧವನ್ನು ಮರೆವಿನವರಿಗೇ ಬರೆದುಕೊಡುತ್ತಾರೆ ಎಂಬುದು ನಗುವ ಸಂಗತಿಯೋ ಅಳುವ ಸಂಗತಿಯೋ. ಕೆಲಸ ಮಾಡುತ್ತದೆಯೇ? ನನಗೆ ಮಾಡುತ್ತದೆ. ಒಂದು ಪುಟ ರಿಜಿಸ್ಟರನ್ನು ಎದ್ದು ಹೋಗದೆ ಮುಗಿಸುತ್ತೇನೆ. ಮಧ್ಯಾಹ್ನ ಹಸಿವಾಗುವುದಿಲ್ಲ, ತಡವಾಗಿ ನುಂಗಿದರೆ ರಾತ್ರಿ ನಿದ್ದೆಯಿಲ್ಲ. ಯಾವುದಕ್ಕೆ ಗಮನ ಕೊಡಬೇಕು ಎಂಬುದನ್ನು ಮಾತ್ರೆ ಹೇಳುವುದಿಲ್ಲ. ಮಾತ್ರೆ ನುಂಗಿದ ಬೆಳಿಗ್ಗೆ ಕಬ್ಬಿನ ಎಲೆಗಳ ರೋಗದ ಬಗ್ಗೆ ನಾಲ್ಕು ತಾಸು ಓದಿ, ಕರೆಂಟ್ ಬಿಲ್ಲು ಕಟ್ಟದೆ ಬಿಟ್ಟದ್ದೂ ಉಂಟು.

ಇಷ್ಟು ತಿಳಿದ ಮೇಲೆ ನನಗೆ ಬಹಳ ಸಮಾಧಾನವಾಗಿತ್ತು. ನಾನು ಮಂದಣ್ಣ, ನನ್ನ ಕರ್ವಾಲೊ ಇನ್ನೂ ಸಿಕ್ಕಿಲ್ಲ, ಅಷ್ಟೇ. ಈ ಲೇಖನದ ಮೊದಲ ಕರಡು ಹಾಗೇ ಇತ್ತು. ಮಂದಣ್ಣನ ಕಣ್ಣಿನ ಬಗ್ಗೆ ಆರು ಪುಟ ಬರೆದಿದ್ದೆ. ಬಸ್ ಸ್ಟ್ಯಾಂಡಿನ ಘಟನೆಯಾಗಿ ನಾಲ್ಕು ದಿನಕ್ಕೆ ಹೆಂಡತಿ ನನ್ನ ಪ್ರತಿಯನ್ನು ಎತ್ತಿಕೊಂಡು ಎರಡು ರಾತ್ರಿಯಲ್ಲಿ ಓದಿ ಮುಗಿಸಿದಳು. ಮಡಚಿಟ್ಟು ಕೇಳಿದಳು:

‘ರಾಮಿ ಏನಂತಾಳ್ರಿ ಇದ್ರಾಗ?’

ನನಗೆ ಉತ್ತರ ಹೊಳೆಯಲಿಲ್ಲ.

‘ಎಲ್ಲಾರೂ ಮಂದಣ್ಣನ ಕಣ್ಣ ಭಾಳ ಚುರುಕ ಅಂತೀರಿ. ಆ ಕಣ್ಣ ಮನೀ ಕಡಿ ಎಂದಾರ ತಿರಗ್ತಾವೇನು?’

ಇಷ್ಟು ಸಲ ಓದಿದ ನನಗೆ ಈ ಪ್ರಶ್ನೆ ಒಮ್ಮೆಯೂ ಬಂದಿರಲಿಲ್ಲ. ಮಂದಣ್ಣನ ಮದುವೆಗೆ ಕಾದಂಬರಿಯಲ್ಲಿ ಜಾಗವಿದೆ, ಅದರ ತಮಾಷೆಗೂ ಜಾಗವಿದೆ. ಮದುವೆಯಾದ ರಾಮಿಯ ಮನಸ್ಸಿನೊಳಕ್ಕೆ ಕಾದಂಬರಿ ಕಾಲಿಡುವುದಿಲ್ಲ. ಕಾಡಿನ ದಾರಿ ಹಿಡಿಯುವ ಗಂಡಸರ ಗುಂಪಿನ ಕಣ್ಣಿಗೆ ಮಂದಣ್ಣ ಪ್ರತಿಭೆ. ಅದೇ ಮಂದಣ್ಣ ಸಂಜೆ ಅಕ್ಕಿ ತರುವುದನ್ನು ಮರೆತಾಗ ಅವನು ಏನು ಎಂಬುದು ಗುಂಪಿಗೆ ಬೇಕಿಲ್ಲ. ನಿರೂಪಕನೇ ಕತೆ ಹೇಳುವವನಾದ್ದರಿಂದ ಅವನು ಕಂಡಷ್ಟೇ ನಮಗೂ ಕಾಣುತ್ತದೆ ಎಂದು ತಂತ್ರದ ಸಮರ್ಥನೆ ಕೊಡಬಹುದು, ಕೊಟ್ಟೆ ಕೂಡ. ಅವಳು ಪಾತ್ರೆ ತೊಳೆಯಲು ಎದ್ದು ಹೋದಳು.

ಇನ್ನೊಂದು ಇದೆ. ಕರ್ವಾಲೊ ಉದಾರಿ ಎಂದೇ ನಾನು ಓದುತ್ತಿದ್ದೆ. ಉದಾರಿ ಹೌದು. ಆದರೆ ಹಾರುವ ಓತಿಯನ್ನು ಕಣ್ಣಾರೆ ಕಂಡವನು ಮಂದಣ್ಣ. ಅವನಿಲ್ಲದೆ ಕರ್ವಾಲೊಗೆ ದಾರಿಯಿಲ್ಲ. ಅಂದರೆ ಮಂದಣ್ಣನ ಚಂಚಲತೆಗೆ ಕ್ಷಮೆ ಸಿಗುವುದು ಅವನ ಕಣ್ಣಿಗೆ ಒಂದು ಬೆಲೆ ಇರುವುದರಿಂದ. ಏನನ್ನೂ ಕಾಣದ ಮಂದಣ್ಣಗಳು? ಚದುರಿದ ಮನಸ್ಸಿದ್ದು, ಅದರ ಬದಲಿಗೆ ಕೊಡಲು ಯಾವ ಓತಿಯೂ ಇಲ್ಲದವರು? ಇದೊಂದು ವರ, ಇದೊಂದು ವಿಶೇಷ ಶಕ್ತಿ ಎಂದು ಈಗ ಉತ್ಸಾಹದಿಂದ ಮಾತಾಡುವವರು ಮಾಡುವ ತಪ್ಪೂ ಇದೇ. ಫ್ಲೆಮಿಂಗೊಗಳನ್ನು ಒಂದು ತಾಸು ನಲವತ್ತು ನಿಮಿಷ ನೋಡಿ ನಾನು ಯಾವ ಸಂಶೋಧನೆಯನ್ನೂ ಮಾಡಲಿಲ್ಲ. ಚೆಂದ ಇದ್ದವು, ನೋಡಿದೆ. ಅದರ ಬಾಡಿಗೆ ಕಟ್ಟಿದವರು ಬಸ್ ಸ್ಟ್ಯಾಂಡಿನಲ್ಲಿದ್ದರು.

ಹೀಗೆಂದು ‘ಕರ್ವಾಲೊ’ ನನಗೆ ಸಣ್ಣದಾಗಿಲ್ಲ. ಕನ್ನಡದಲ್ಲಿ ಗಮನದ ಬಗ್ಗೆ ಇರುವ ಅತ್ಯುತ್ತಮ ಕಾದಂಬರಿ ಇದೇ ಎಂದು ಈಗಲೂ ಅನ್ನುತ್ತೇನೆ. ಕೊನೆಯಲ್ಲಿ ಓತಿ ಯಾರ ಕೈಗೂ ಸಿಗದೆ ಪ್ರಪಾತದ ಮೇಲೆ ತೇಲಿಹೋಗುವಾಗ ಅಷ್ಟು ಜನ ಬಾಯಿ ಬಿಟ್ಟುಕೊಂಡು ನಿಲ್ಲುತ್ತಾರಲ್ಲ, ಆ ಪುಟ ಬಂದಾಗ ಪ್ರತಿ ಸಲವೂ ನನ್ನ ಅಪ್ರಸ್ತುತ ಪ್ರಸಂಗಿ ಬಾಯಿ ಮುಚ್ಚುತ್ತಾನೆ. ಈ ಸಲ ಓದುವಾಗ ಮಾತ್ರ ನನಗೆ ಅವರ ಬೆನ್ನ ಹಿಂದಿನ ದಾರಿಯೂ ಕಂಡಿತು. ಅದು ಮೂಡಿಗೆರೆಗೆ ಹೋಗುತ್ತದೆ. ಅಲ್ಲೆಲ್ಲೋ ರಾಮಿ ಇದ್ದಾಳೆ.

ಶುಕ್ರವಾರ ಹೆಂಡತಿ, ಮಗಳು ಮತ್ತೆ ಊರಿಂದ ಬರುತ್ತಾರೆ. ಬಸ್ಸು ಸಂಜೆ ನಾಲ್ಕೂವರೆಗೆ. ನಾಲ್ಕಕ್ಕೆ ಮಾಮಾ ಫೋನ್ ಮಾಡುತ್ತೇನೆ ಅಂದಿದ್ದಾರೆ. ಫೋನನ್ನು ಅಂಗಿಯ ಕಿಸೆಯಲ್ಲೇ ಇಟ್ಟುಕೊಳ್ಳಬೇಕು.