ಸಿಗ್ನಲ್‌ನಲ್ಲಿ ಮಂಕಾಗುವ ಹೆಡ್‌ಲೈಟ್

ಹಳೆಯ ಕಾರಿನ ಮೂಲ ಫ್ಯಾನು ತಿರುಗುವುದು ಎಂಜಿನ್ನಿನ ಬೆಲ್ಟಿನಿಂದ. ಐಡ್ಲಿಂಗಿನಲ್ಲಿ ಅದರ ಗಾಳಿ ಬೆಂಗಳೂರಿನ ಟ್ರಾಫಿಕ್ಕಿಗೆ ಸಾಲದು. ಹಾಗಾಗಿ ಮಾಲೀಕರು ಎರಡು ಎಲೆಕ್ಟ್ರಿಕ್ ಫ್ಯಾನ್ ಹಾಕಿಸುತ್ತಾರೆ. ಎಂಜಿನ್ ತಣ್ಣಗಾಗುತ್ತದೆ, ಆದರೆ ಹೊಸ ದೂರು ಹುಟ್ಟುತ್ತದೆ: ಸಿಗ್ನಲ್‌ನಲ್ಲಿ ಹೆಡ್‌ಲೈಟ್ ಮಂಕು, ಬೆಳಿಗ್ಗೆ ಬ್ಯಾಟರಿ ಡೌನ್. ಕೂಡಲೇ ‘ಆಲ್ಟರ್ನೇಟರ್ ಹೋಗಿದೆ’ ಎಂಬ ತೀರ್ಪು. ಬಹಳಷ್ಟು ಸಲ ಅದು ಹೋಗಿರುವುದಿಲ್ಲ, ಹೊರೆ ಹೆಚ್ಚಾಗಿರುತ್ತದೆ.

ಹಳೆಯ ಲ್ಯೂಕಾಸ್ 17 ಎಸಿಆರ್ ಆಲ್ಟರ್ನೇಟರಿನ ಸಾಮರ್ಥ್ಯ 36 ಆಂಪಿಯರ್. ಇದು ಜೋರಾಗಿ ತಿರುಗುವಾಗಿನ ಮಾತು. ಐಡ್ಲಿಂಗಿನಲ್ಲಿ ಅರ್ಧ ಸಿಕ್ಕರೆ ಹೆಚ್ಚು. ಈಗ ಖರ್ಚು ನೋಡಿ. ಎರಡು ಫ್ಯಾನಿಗೆ 20 ಆಂಪಿಯರ್ ಹಿಡಿಯೋಣ, 55 ವ್ಯಾಟಿನ ಜೋಡಿ ಹೆಡ್‌ಲೈಟಿಗೆ 8, ಇಗ್ನಿಷನ್ನಿಗೆ 4. ಒಟ್ಟು 32. ಕೊರತೆಯನ್ನೆಲ್ಲ ಬ್ಯಾಟರಿಯೇ ತುಂಬಬೇಕು. ಫ್ಯಾನು ಹೆಚ್ಚು ಓಡುವುದೂ ಕಾರು ನಿಂತಾಗಲೇ!

ಇದನ್ನು ಖಚಿತಪಡಿಸಿಕೊಳ್ಳಲು ಮಲ್ಟಿಮೀಟರ್ ಸಾಕು. ಎಂಜಿನ್ ಆಫ್ ಇದ್ದು ತುಸು ಹೊತ್ತು ಕಳೆದ ಮೇಲೆ, ಚಾರ್ಜ್ ಆದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಬೇಕು. ಫ್ಯಾನ್, ಲೈಟ್ ಆರಿಸಿ ಸ್ಟಾರ್ಟ್ ಮಾಡಿದರೆ 13.8ರಿಂದ 14.4. ಈಗ ಎರಡನ್ನೂ ಹಾಕಿ. ವೋಲ್ಟೇಜ್ 12.5ಕ್ಕೆ ಕುಸಿಯಿತೇ? ಆಕ್ಸಿಲರೇಟರ್ ಒತ್ತಿ ಎಂಜಿನ್ನನ್ನು 2000 ಆರ್‌ಪಿಎಂಗೆ ಏರಿಸಿ. ಮತ್ತೆ 14ರ ಹತ್ತಿರ ಬಂದರೆ ಆಲ್ಟರ್ನೇಟರ್ ಆರೋಗ್ಯವಾಗಿದೆ, ಐಡ್ಲಿಂಗಿನಲ್ಲಿ ಅದರ ಶಕ್ತಿ ಸಾಲುತ್ತಿಲ್ಲ, ಅಷ್ಟೇ.

ಏರದಿದ್ದರೆ ಮೊದಲು ಬೆಲ್ಟಿನ ಬಿಗಿ ನೋಡಿ. ಲೋಡ್ ಇರುವಾಗಲೇ ಆಲ್ಟರ್ನೇಟರಿನ ಔಟ್‌ಪುಟ್ ಟರ್ಮಿನಲ್ಲಿಗೂ ಬ್ಯಾಟರಿಯ ಪ್ಲಸ್ಸಿಗೂ ನಡುವೆ ಅಳೆಯಿರಿ, 0.3 ವೋಲ್ಟಿಗಿಂತ ಹೆಚ್ಚಿದ್ದರೆ ವೈರ್ ಸಣ್ಣದು ಅಥವಾ ಜಾಯಿಂಟ್ ಕೆಟ್ಟಿದೆ. ಅರ್ತ್ ಕಡೆ 0.2 ದಾಟಬಾರದು. ಬ್ಯಾಟರಿಯ ಮೇಲೆ ಎಸಿ ಅಂಶ ಅರ್ಧ ವೋಲ್ಟ್ ಮೀರಿದರೆ ಡಯೋಡ್ ಕೆಟ್ಟಿರುವ ಸಂಭವ ಹೆಚ್ಚು. ಡಿಸಿ ಕ್ಲಾಂಪ್ ಮೀಟರ್ ಇದ್ದರೆ ಫ್ಯಾನಿನ ವೈರಿಗೂ ಹಾಕಿ. ಬುಷ್ ಸವೆದ ಮೋಟರು ಗಾಳಿ ಕಡಿಮೆ ಕೊಟ್ಟು ಕರೆಂಟ್ ಹೆಚ್ಚು ತಿನ್ನುತ್ತದೆ.

ದೊಡ್ಡ ಆಲ್ಟರ್ನೇಟರ್ ಹಾಕುವುದೇ ಆದರೆ ಚಾರ್ಜಿಂಗ್ ವೈರನ್ನೂ ದಪ್ಪಗೆ ಬದಲಿಸಬೇಕು. ಡ್ಯಾಶ್‌ಬೋರ್ಡಿನ ಹಳೆಯ ಅಮ್ಮೀಟರಿನ ಮೂಲಕ ಅಷ್ಟು ಕರೆಂಟ್ ಹರಿದರೆ ಬೆಂಕಿಯ ಅಪಾಯ. ನನ್ನ ಆಯ್ಕೆ ಬೇರೆ: ರೇಡಿಯೇಟರಿನ ಪೂರ್ತಿ ಅಗಲ ಮುಚ್ಚುವ ಶ್ರೌಡ್ ಹಾಕಿ, ಒಂದೇ ಒಳ್ಳೆಯ ಫ್ಯಾನ್ ಕೂರಿಸಿ. ಎರಡನೆಯದು ಬೇಕೇ ಬೇಕೆಂದರೆ ಅದಕ್ಕೆ ಪ್ರತ್ಯೇಕ ರಿಲೇಯೂ ಹೆಚ್ಚಿನ ತಾಪಕ್ಕೆ ಆನ್ ಆಗುವ ಥರ್ಮೋಸ್ವಿಚ್ಚೂ ಇರಲಿ. ಕಾರಿನ ಮೂಲ ವೈರಿಂಗಿಗೆ ಕೈ ಹಾಕುವ ಮುನ್ನ ಆಂಪಿಯರ್ ಲೆಕ್ಕ ಹಾಕುವುದು ಆ ಕಾರಿಗೆ ನಾವು ಕೊಡಬೇಕಾದ ಮರ್ಯಾದೆ.